ಬೆಳಗಾದರೂ ಮುಗಿಯದ ನಕಲು

2017ರ ಜನವರಿ 31ರ ರಾತ್ರಿ. ಜಗತ್ತಿನ ನಾನಾ ದೇಶಗಳ ತಂತ್ರಾಂಶಗಾರರು ತಾವು ಬರೆದ ಪ್ರೋಗ್ರಾಂಗಳನ್ನು ಜೋಪಾನ ಮಾಡಿಡುವ ‘ಗಿಟ್‌ಲ್ಯಾಬ್’ ಎಂಬ ಸಂಸ್ಥೆಯ ಎಂಜಿನಿಯರೊಬ್ಬರು ಎರಡು ಸರ್ವರುಗಳ ನಡುವೆ ಒದ್ದಾಡುತ್ತಿದ್ದರು. ಒಂದರಲ್ಲಿ ಅಸಲು ಮಾಹಿತಿ, ಇನ್ನೊಂದರಲ್ಲಿ ಅದರ ಪಡಿಯಚ್ಚು. ಪಡಿಯಚ್ಚು ಹಿಂದೆ ಬಿದ್ದಿತ್ತು. ಅದನ್ನು ಪೂರ್ತಿ ಅಳಿಸಿ ಹೊಸದಾಗಿ ತುಂಬಿಸೋಣವೆಂದು ಅಳಿಸುವ ಆಜ್ಞೆ ಕೊಟ್ಟರು. ಒಂದೆರಡು ಸೆಕೆಂಡಿನಲ್ಲೇ ತಪ್ಪು ತಿಳಿಯಿತು. ಆಜ್ಞೆ ಹೋದದ್ದು ಅಸಲು ಇದ್ದ ಸರ್ವರಿಗೆ! ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ಮಾಹಿತಿಯಲ್ಲಿ ಉಳಿದದ್ದು ಬರೀ 4.5 ಗಿಗಾಬೈಟ್.

ಇರಲಿ, ಬ್ಯಾಕಪ್ ಇದೆಯಲ್ಲ ಎಂದು ಹುಡುಕಿದರೆ, ದಿನವೂ ನಡೆಯಬೇಕಾಗಿದ್ದ ಬ್ಯಾಕಪ್ ನಡೆದೇ ಇರಲಿಲ್ಲ. ಅದು ವಿಫಲವಾಗುತ್ತಿದೆ ಎಂದು ಎಚ್ಚರಿಸುವ ಮಿಂಚಂಚೆಗಳೂ ಯಾರ ಕೈಗೂ ತಲುಪಿರಲಿಲ್ಲ. ಕೊನೆಗೆ ಸಿಕ್ಕಿದ್ದು, ಸುಮಾರು ಆರು ಗಂಟೆ ಮೊದಲು ಪ್ರಯೋಗಕ್ಕೆಂದು ಕೈಯಾರೆ ತೆಗೆದಿದ್ದ ಒಂದು ನಕಲು. ಅದಿದ್ದದ್ದು ಅಗ್ಗದ ಡಿಸ್ಕುಗಳಿದ್ದ ಪರೀಕ್ಷಾ ಸರ್ವರಿನಲ್ಲಿ. ಆ ಡಿಸ್ಕುಗಳ ವೇಗಕ್ಕೆ ಕಡಿವಾಣ ಹಾಕಲಾಗಿತ್ತು, ಸೆಕೆಂಡಿಗೆ ಸುಮಾರು 60 ಮೆಗಾಬಿಟ್ ಮಾತ್ರ.

ಇಲ್ಲೊಂದು ಸಣ್ಣ ಲೆಕ್ಕ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 60 ಮೆಗಾಬಿಟ್ ಎಂದರೆ ಸೆಕೆಂಡಿಗೆ 7.5 ಮೆಗಾಬೈಟ್. 300 ಗಿಗಾಬೈಟ್ ಸಾಗಿಸಲು 40,000 ಸೆಕೆಂಡ್, ಅಂದರೆ ಯಾವ ಅಡ್ಡಿಯೂ ಇಲ್ಲದೆ ನಡೆದರೂ 11 ಗಂಟೆಗೆ ಮೇಲೆ! ಸೆಕೆಂಡಿಗೆ 150 ಮೆಗಾಬೈಟ್ ಓದಬಲ್ಲ ಸಾಧಾರಣ ಡಿಸ್ಕಿನಲ್ಲಿ ಇದೇ ಕೆಲಸ ಅರ್ಧ ಗಂಟೆಯ ಸುಮಾರಿಗೆ ಮುಗಿಯಬೇಕು. ಗಿಟ್‌ಲ್ಯಾಬ್ ಮತ್ತೆ ಬಾಗಿಲು ತೆರೆದದ್ದು ಸುಮಾರು 18 ಗಂಟೆಯ ನಂತರ. ಆ ನಕಲಾದ ಮೇಲೆ ಬಳಕೆದಾರರು ಸೇರಿಸಿದ್ದ ಮಾಹಿತಿ ಮಾತ್ರ ಹೋದದ್ದು ಹೋದಂತೆಯೇ ಆಯಿತು. ಸಂಸ್ಥೆ ಇದನ್ನೆಲ್ಲ ಮುಚ್ಚಿಡದೆ, ದುರಸ್ತಿ ಕೆಲಸವನ್ನು ನೇರ ಪ್ರಸಾರ ಮಾಡಿ, ಆಮೇಲೆ ತಪ್ಪುಗಳ ಪಟ್ಟಿಯನ್ನೂ ಪ್ರಕಟಿಸಿತು. ಮೆಚ್ಚಬೇಕಾದ ಮಾತು.

ಬ್ಯಾಕಪ್ ಸರ್ವರಿನ ಡಿಸ್ಕ್ ನಿಧಾನವಾದರೆ ಸಾಮಾನ್ಯ ದಿನಗಳಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ರಾತ್ರಿ ನಡೆಯುವ ಕೆಲಸ, ಹೇಗೋ ನಡೆಯುತ್ತದೆ ಎಂಬ ಉದಾಸೀನ. ಬೆಳಗ್ಗೆ ಕಚೇರಿ ತೆರೆದಾಗಲೂ ನಕಲು ಮುಗಿದಿಲ್ಲ ಎಂದಾಗ ಗೊಣಗಾಟ ಶುರುವಾಗುತ್ತದೆ. ಅಷ್ಟರಲ್ಲಿ ಯಾರೋ ಒಬ್ಬರು ‘ಡಿಸ್ಕ್ ಹಳೆಯದಾಯಿತು, ಹೊಸದು ತರಿಸಿ’ ಎಂದು ತೀರ್ಪು ಕೊಟ್ಟೂ ಆಗಿರುತ್ತದೆ. ಆದರೆ ಜ್ವರ ಬಂದವರಿಗೆಲ್ಲ ಒಂದೇ ಮಾತ್ರೆ ಕೊಡುವ ವೈದ್ಯರನ್ನು ಯಾರು ತಾನೇ ನಂಬುತ್ತಾರೆ? ನಾಡಿ ಹಿಡಿದು ನೋಡಬೇಕು. ಹಾಗೆ ನೋಡಲು ಬೇಕಾದದ್ದು ಹೈಸ್ಕೂಲಿನ ಭೌತಶಾಸ್ತ್ರ ಮತ್ತು ಗುಣಾಕಾರ, ಭಾಗಾಕಾರ.

ಹಾರ್ಡ್ ಡಿಸ್ಕ್ ಒಳಗೆ ಇರುವುದು ಕಾಂತೀಯ ಲೇಪನವಿರುವ ನುಣುಪಾದ ತಟ್ಟೆಗಳು. ಹಳೆಯ ಗ್ರಾಮಫೋನ್ ಕಂಡವರಿಗೆ ಚಿತ್ರ ಸುಲಭವಾಗಿ ಕಣ್ಣಿಗೆ ಕಟ್ಟುತ್ತದೆ. ತಟ್ಟೆ ತಿರುಗುತ್ತದೆ, ಒಂದು ತೋಳು ಅದರ ಮೇಲೆ ಅತ್ತಿತ್ತ ಆಡುತ್ತದೆ, ತೋಳಿನ ತುದಿಯ ಹೆಡ್ ಓದುತ್ತದೆ ಅಥವಾ ಬರೆಯುತ್ತದೆ. ವ್ಯತ್ಯಾಸವೆಂದರೆ ಇಲ್ಲಿನ ಹೆಡ್ ತಟ್ಟೆಗೆ ತಾಗುವುದಿಲ್ಲ. ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಗಾಳಿಯ ತೆಳು ಪದರದ ಮೇಲೆ ತೇಲುತ್ತದೆ. 1956ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅಷ್ಟು ದೊಡ್ಡ ಯಂತ್ರ ಹಿಡಿಸಿಕೊಳ್ಳುತ್ತಿದ್ದದ್ದು 50 ಲಕ್ಷ ಅಕ್ಷರ. ಈಗ ಮೊಬೈಲಿನಲ್ಲಿ ತೆಗೆದ ಒಂದೆರಡು ಫೋಟೊಕ್ಕೆ ಸಾಲುವಷ್ಟು ಜಾಗ!

ಗಾತ್ರ, ಸಾಮರ್ಥ್ಯ ಎಷ್ಟೇ ಬದಲಾದರೂ ಒಂದು ಸಂಗತಿ ಹೆಚ್ಚು ಬದಲಾಗಿಲ್ಲ. ತಟ್ಟೆ ತಿರುಗಲು ಸಮಯ ಬೇಕು, ತೋಳು ಚಲಿಸಲು ಸಮಯ ಬೇಕು. ಸಾಮಾನ್ಯ ಡಿಸ್ಕ್ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ, ಎಂದರೆ ಸೆಕೆಂಡಿಗೆ 120 ಸುತ್ತು. ಒಂದು ಸುತ್ತಿಗೆ 8.33 ಮಿಲಿಸೆಕೆಂಡ್. ಬೇಕಾದ ಜಾಗ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕಾದ್ದರಿಂದ 4 ಮಿಲಿಸೆಕೆಂಡಿಗೆ ಸ್ವಲ್ಪ ಹೆಚ್ಚು. ತೋಳು ಸರಿಯಾದ ಪಥಕ್ಕೆ ಹೋಗಿ ನಿಲ್ಲಲು ಇನ್ನೊಂದು 8 ರಿಂದ 9 ಮಿಲಿಸೆಕೆಂಡ್. ಒಟ್ಟು ಸುಮಾರು 12.5 ಮಿಲಿಸೆಕೆಂಡ್ ಎಂದಿಟ್ಟುಕೊಂಡರೆ, ಸೆಕೆಂಡಿಗೆ 80 ಕಡೆ ಮಾತ್ರ ಹೆಡ್ ಹೋಗಿ ಬರಬಲ್ಲದು. ಈ 80 ಎಂಬ ಅಂಕಿಯನ್ನು ನೆನಪಿಡಿ.

ಒಂದು ಕಾಲೇಜು ಕಚೇರಿಯ ಸರ್ವರಿನಲ್ಲಿ 10 ಲಕ್ಷ ಪುಟ್ಟ ಫೈಲುಗಳಿವೆ, ಒಂದೊಂದೂ 10 ಕಿಲೋಬೈಟ್ ಎಂದು ಊಹಿಸಿಕೊಳ್ಳಿ. ಒಟ್ಟು 10 ಗಿಗಾಬೈಟ್. ಇದೇ 10 ಗಿಗಾಬೈಟ್ ಒಂದೇ ದೊಡ್ಡ ಫೈಲಾಗಿ ಸಾಲಾಗಿ ಬರೆದಿದ್ದರೆ, ಸೆಕೆಂಡಿಗೆ 150 ಮೆಗಾಬೈಟಿನಂತೆ 67 ಸೆಕೆಂಡಿನಲ್ಲಿ ಓದಿ ಮುಗಿಯುತ್ತದೆ. ಪುಟ್ಟ ಫೈಲುಗಳಾದರೆ? ಪ್ರತಿಯೊಂದಕ್ಕೂ ಮೊದಲು ಹೆಸರಿನ ಪಟ್ಟಿ ನೋಡಬೇಕು, ಆಮೇಲೆ ಆ ಫೈಲು ಎಲ್ಲಿದೆ ಎಂಬ ವಿವರ ಓದಬೇಕು, ಕೊನೆಗೆ ಫೈಲನ್ನೇ ಓದಬೇಕು. ಮೂರು ಓಡಾಟ ಎಂದಿಟ್ಟುಕೊಳ್ಳಿ. 10 ಲಕ್ಷ ಫೈಲಿಗೆ 30 ಲಕ್ಷ ಓಡಾಟ. 80ರಿಂದ ಭಾಗಿಸಿದರೆ 37,500 ಸೆಕೆಂಡ್, ಅಂದರೆ 10 ಗಂಟೆ 25 ನಿಮಿಷ! ರಾತ್ರಿ 10ಕ್ಕೆ ಶುರುವಾದ ನಕಲು ಬೆಳಗ್ಗೆ 8.25ಕ್ಕೆ ಮುಗಿಯುತ್ತದೆ. ಡಿಸ್ಕಿನಲ್ಲಿ ಯಾವ ದೋಷವೂ ಇಲ್ಲ, ಅದು ರಾತ್ರಿಯಿಡೀ ಬೆವರು ಸುರಿಸಿ ದುಡಿದಿದೆ. ಒಂದೇ ಮನೆಗೆ ಒಂದು ಮೂಟೆ ಅಕ್ಕಿ ಹೊತ್ತು ಹಾಕುವುದಕ್ಕೂ, ಅದೇ ಅಕ್ಕಿಯನ್ನು ಊರಿನ ಸಾವಿರ ಮನೆಗೆ ಹಿಡಿ ಹಿಡಿಯಾಗಿ ಹಂಚುವುದಕ್ಕೂ ಇರುವ ವ್ಯತ್ಯಾಸ ಇದು.

ವಾಸ್ತವದಲ್ಲಿ ಇಷ್ಟು ಕೆಟ್ಟದಾಗುವುದಿಲ್ಲ. ಪದೇ ಪದೇ ಬೇಕಾಗುವ ಪಟ್ಟಿಗಳನ್ನು ಕಂಪ್ಯೂಟರ್ ತನ್ನ ಜ್ಞಾಪಕದಲ್ಲಿ ಇಟ್ಟುಕೊಳ್ಳುತ್ತದೆ. ಡಿಸ್ಕ್ ಕೂಡ ಜಾಣ. ಪೋಸ್ಟ್‌ಮ್ಯಾನ್ ಕಾಗದಗಳನ್ನು ಬೀದಿವಾರು ಜೋಡಿಸಿಕೊಂಡು ಹೊರಡುವಂತೆ, ಬಂದ ಕೋರಿಕೆಗಳನ್ನು ದಾರಿಗೆ ಅನುಕೂಲವಾಗುವಂತೆ ಹಿಂದುಮುಂದು ಮಾಡಿಕೊಳ್ಳುತ್ತದೆ. ಆದರೂ ಮೂಲ ಗುಣ ಹೋಗುವುದಿಲ್ಲ. ಆದ್ದರಿಂದಲೇ ಅನುಭವಿಗಳು ‘ಎಷ್ಟು ಗಿಗಾಬೈಟ್?’ ಎಂದು ಕೇಳುವುದಕ್ಕೆ ಮೊದಲು ‘ಎಷ್ಟು ಫೈಲು?’ ಎಂದು ಕೇಳುತ್ತಾರೆ. ಓಡಾಡುವ ತೋಳೇ ಇಲ್ಲದ ಎಸ್‌ಎಸ್‌ಡಿ ಬಂದಿದೆಯಲ್ಲ ಎನ್ನಬಹುದು. ಬಂದಿದೆ. ಆದರೆ ಅಷ್ಟೇ ಜಾಗಕ್ಕೆ ಹಾರ್ಡ್ ಡಿಸ್ಕ್ ಇನ್ನೂ ಅಗ್ಗ, ಬ್ಯಾಕಪ್ಪಿಗೆ ಬೇಕಾದದ್ದು ರಾಶಿ ರಾಶಿ ಜಾಗ.

ಈಗ ನಾಡಿ ಪರೀಕ್ಷೆ. ಲಿನಕ್ಸ್ ಸರ್ವರಿನಲ್ಲಿ ‘ಐಓಸ್ಟ್ಯಾಟ್’ ಎಂಬ ಪುಟ್ಟ ಉಪಕರಣವಿದೆ. ವಿಂಡೋಸಿನಲ್ಲಿ ‘ರಿಸೋರ್ಸ್ ಮಾನಿಟರ್’. ಎರಡೂ ತೋರಿಸುವ ಅಂಕಿಗಳಲ್ಲಿ ಮುಖ್ಯವಾದವು ಮೂರು. ಡಿಸ್ಕ್ ನೂರಕ್ಕೆ ಎಷ್ಟು ಪಾಲು ಸಮಯ ದುಡಿಯುತ್ತಿದೆ, ಸೆಕೆಂಡಿಗೆ ಎಷ್ಟು ಮಾಹಿತಿ ಸಾಗಿಸುತ್ತಿದೆ, ಒಂದು ಕೋರಿಕೆ ಎಷ್ಟು ಹೊತ್ತು ಕಾಯುತ್ತಿದೆ. ಒಂದೊಂದನ್ನೇ ನೋಡಿದರೆ ಮೋಸ ಹೋಗುವುದು ಖಂಡಿತ. ಮೂರನ್ನೂ ಒಟ್ಟಿಗೆ ನೋಡಬೇಕು.

ಡಿಸ್ಕ್ ನೂರಕ್ಕೆ ನೂರು ದುಡಿಯುತ್ತಿದೆ, ಸೆಕೆಂಡಿಗೆ 150 ಮೆಗಾಬೈಟ್ ಸಾಗುತ್ತಿದೆ ಎಂದರೆ ಅದಕ್ಕೆ ಕೈಮುಗಿಯಬೇಕು. ತನ್ನ ಶಕ್ತಿಯನ್ನೆಲ್ಲ ಕೊಡುತ್ತಿದೆ. ನೂರಕ್ಕೆ ನೂರು ದುಡಿಯುತ್ತಿದ್ದರೂ ಸಾಗುತ್ತಿರುವುದು ಒಂದೋ ಎರಡೋ ಮೆಗಾಬೈಟ್ ಎಂದರೆ ತೋಳಿನ ಓಡಾಟವೇ ಹೆಚ್ಚಾಗಿದೆ ಎಂದರ್ಥ, ಮೇಲಿನ 10 ಲಕ್ಷ ಫೈಲಿನ ಕಥೆ. ಡಿಸ್ಕ್ ನೂರಕ್ಕೆ ಹತ್ತು ಪಾಲು ಮಾತ್ರ ದುಡಿಯುತ್ತಾ ಉಳಿದ ಹೊತ್ತು ಕೈಕಟ್ಟಿ ಕೂತಿದೆ, ಆದರೂ ನಕಲು ತೆವಳುತ್ತಿದೆ ಎಂದರೆ? ಕಳ್ಳ ಬೇರೆಲ್ಲೋ ಇದ್ದಾನೆ.

ಈ ಕಳ್ಳ ಎಷ್ಟೋ ಸಲ ತಂತಿಯಲ್ಲೇ ಇರುತ್ತಾನೆ. ಸೆಕೆಂಡಿಗೆ 1,000 ಮೆಗಾಬಿಟ್ ಸಾಗಿಸಬೇಕಾದ ಜಾಲದ ತಂತಿಯೊಳಗೆ ನಾಲ್ಕು ಜೋಡಿ ಎಳೆಗಳಿರುತ್ತವೆ. ಆ ವೇಗಕ್ಕೆ ನಾಲ್ಕೂ ಜೋಡಿ ಬೇಕು. ಒಂದು ಎಳೆ ತುಂಡಾದರೆ ಅಥವಾ ತುದಿಯ ಪಿನ್ ಸರಿಯಾಗಿ ಕೂರದಿದ್ದರೆ, ಎರಡು ಜೋಡಿ ಸಾಕೆನ್ನುವ 100 ಮೆಗಾಬಿಟ್ ವೇಗಕ್ಕೆ ಸಂಪರ್ಕ ಸದ್ದಿಲ್ಲದೆ ಇಳಿಯಬಹುದು. ಎಲ್ಲವೂ ಕೆಲಸ ಮಾಡುತ್ತದೆ, ಯಾವ ದೂರೂ ಬರುವುದಿಲ್ಲ. 100ನ್ನು 8ರಿಂದ ಭಾಗಿಸಿದರೆ 12.5. ನಕಲಿನ ವೇಗ ಸೆಕೆಂಡಿಗೆ 11-12 ಮೆಗಾಬೈಟಿಗೆ ಗೆರೆ ಎಳೆದಂತೆ ನಿಂತುಬಿಟ್ಟಿದ್ದರೆ ಡಿಸ್ಕನ್ನು ಬಿಚ್ಚುವ ಮೊದಲು ತಂತಿ ಬದಲಾಯಿಸಿ ನೋಡಬೇಕು. ಸಾವಿರಾರು ರೂಪಾಯಿಯ ಡಿಸ್ಕ್ ತರಿಸಿದ ಮೇಲೆ ನೂರು ರೂಪಾಯಿಯ ತಂತಿಯ ಮೇಲೆ ಅನುಮಾನ ಪಡುವುದಕ್ಕಿಂತ ಇದು ವಾಸಿ!

ಕಾಯುವ ಹೊತ್ತಿನ ಬಗ್ಗೆ ಒಂದು ಮಾತು. ಪಡಿತರ ಅಂಗಡಿಯ ಮುಂದಿನ ಸಾಲು ಎಲ್ಲರಿಗೂ ಗೊತ್ತು. ಸಾಲಿನಲ್ಲಿ 16 ಜನರಿದ್ದು, ಅಂಗಡಿಯವರು ಗಂಟೆಗೆ 80 ಜನರಿಗೆ ಕೊಡಬಲ್ಲರಾದರೆ, ಕೊನೆಗೆ ಬಂದು ನಿಂತವರು 16ನ್ನು 80ರಿಂದ ಭಾಗಿಸಿದಷ್ಟು, ಅಂದರೆ 0.2 ಗಂಟೆ ಅಥವಾ 12 ನಿಮಿಷ ಕಾಯಬೇಕು. ಡಿಸ್ಕಿಗೂ ಇದೇ ನಿಯಮ. ಗಂಟೆಯ ಬದಲು ಸೆಕೆಂಡ್ ಅಷ್ಟೇ. ಸಾಲಿನ ಉದ್ದ, ಬರುವ ವೇಗ, ಕಾಯುವ ಹೊತ್ತು ಈ ಮೂರಕ್ಕೂ ಇರುವ ನಂಟನ್ನು ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಗಣಿತದ ಮೂಲಕ ಸಾಧಿಸಿ ತೋರಿಸಿದರು. ಬ್ಯಾಂಕು, ಆಸ್ಪತ್ರೆ, ಟೋಲ್ ಗೇಟು ಎಲ್ಲಿಗಾದರೂ ಅನ್ವಯಿಸುವ ನಿಯಮ. ಒಂದೇ ಹೊತ್ತಿಗೆ ಐದು ಕಂಪ್ಯೂಟರುಗಳ ಬ್ಯಾಕಪ್ ಹಚ್ಚಿದರೆ ಬೇಗ ಮುಗಿಯುತ್ತದೆ ಎಂದುಕೊಳ್ಳುವವರು ಸಾಲನ್ನು ಉದ್ದ ಮಾಡುತ್ತಾರೆಯೇ ಹೊರತು ಅಂಗಡಿಯವರ ಕೈ ಚುರುಕಾಗುವುದಿಲ್ಲ. ಬದಲಾಗಿ ಐದೂ ಕಡೆಯ ಬರಹಗಳು ತಟ್ಟೆಯ ಐದು ಮೂಲೆಗೆ ಹೋಗಬೇಕಾಗಿ ತೋಳಿನ ಓಡಾಟ ಇನ್ನೂ ಹೆಚ್ಚುತ್ತದೆ.

ಬ್ಯಾಕಪ್ ಸರ್ವರಿನಲ್ಲಿ ಸಾಮಾನ್ಯವಾಗಿ ಒಂದೇ ಡಿಸ್ಕ್ ಇರುವುದಿಲ್ಲ, ನಾಲ್ಕಾರು ಇರುತ್ತವೆ. ಅವುಗಳನ್ನು ಒಂದೇ ನೊಗಕ್ಕೆ ಕಟ್ಟುವ ವಿಧಾನಕ್ಕೆ ‘ರೈಡ್’ ಎಂದು ಹೆಸರು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಟ್ಜ್ 1988ರ ಒಂದು ಪ್ರಬಂಧದಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ‘ರೈಡ್-5’ ಎಂಬ ಬಗೆಯಲ್ಲಿ, ಒಂದು ಡಿಸ್ಕ್ ಸತ್ತರೂ ಉಳಿದವುಗಳಿಂದ ಮಾಹಿತಿಯನ್ನು ಮರಳಿ ಲೆಕ್ಕ ಹಾಕಬಹುದು. ಹೇಗೆ ಅಂತೀರಾ? ಮೂರು ಡಿಸ್ಕಿನಲ್ಲಿ 1, 0, 1 ಎಂದಿದ್ದರೆ, ಒಟ್ಟು ಒಂದುಗಳು ಸಮಸಂಖ್ಯೆಯಾಗುವಂತೆ ನಾಲ್ಕನೆಯದರಲ್ಲಿ 0 ಬರೆದಿಡುತ್ತಾರೆ. ಈಗ ಯಾವುದೇ ಒಂದು ಅಂಕಿಯನ್ನು ಬೆರಳಿನಿಂದ ಮುಚ್ಚಿಕೊಳ್ಳಿ. ಉಳಿದ ಮೂರರಿಂದ ಅದೇನೆಂದು ಹೇಳಿಬಿಡಬಹುದು.

ಉಪಾಯ ಸೊಗಸಾಗಿದೆ, ಆದರೆ ಬಿಟ್ಟಿಯಲ್ಲ. ಒಂದು ಸಣ್ಣ ಬರಹ ಬದಲಾದರೆ ಹಳೆಯ ಮಾಹಿತಿ ಓದಬೇಕು, ಹಳೆಯ ತಾಳೆ ಅಂಕಿ ಓದಬೇಕು, ಹೊಸ ಮಾಹಿತಿ ಬರೆಯಬೇಕು, ಹೊಸ ತಾಳೆ ಅಂಕಿ ಬರೆಯಬೇಕು. ಒಂದಕ್ಕೆ ನಾಲ್ಕು ಕೆಲಸ! ನಾಲ್ಕು ಡಿಸ್ಕುಗಳ ಒಟ್ಟು ಶಕ್ತಿ ಸೆಕೆಂಡಿಗೆ 320 ಓಡಾಟ, ಅದನ್ನು ನಾಲ್ಕರಿಂದ ಭಾಗಿಸಿದರೆ ಮತ್ತೆ ಅದೇ 80. ನಾಲ್ಕು ಡಿಸ್ಕ್ ಕೊಂಡವರಿಗೆ ಸಣ್ಣ ಬರಹದಲ್ಲಿ ಒಂದು ಡಿಸ್ಕಿನ ವೇಗ ಸಿಕ್ಕಂತಾಯಿತು.

ಈ ಹೊರೆ ತಗ್ಗಿಸಲೆಂದು ಒಳ್ಳೆಯ ಸರ್ವರುಗಳಲ್ಲಿ ಒಂದಿಷ್ಟು ಜ್ಞಾಪಕವಿರುವ ಕಾರ್ಡ್ ಇರುತ್ತದೆ. ಕಿರಾಣಿ ಅಂಗಡಿಯವರು ಗಿರಾಕಿಗಳು ಕಿಕ್ಕಿರಿದಾಗ ಉದ್ರಿಯನ್ನು ಚೀಟಿಯಲ್ಲಿ ಗೀಚಿಕೊಂಡು, ರಾತ್ರಿ ನಿಧಾನವಾಗಿ ಖಾತೆ ಪುಸ್ತಕಕ್ಕೆ ಏರಿಸುತ್ತಾರಲ್ಲ, ಹಾಗೆ. ಬರಹ ಮೊದಲು ಕಾರ್ಡಿನ ಜ್ಞಾಪಕಕ್ಕೆ ಬೀಳುತ್ತದೆ, ಡಿಸ್ಕಿಗೆ ಆಮೇಲೆ. ನಡುವೆ ಕರೆಂಟು ಹೋದರೆ ಚೀಟಿಗಳು ಗಾಳಿಗೆ ಹಾರಿಹೋಗಬಾರದೆಂದು ಅದಕ್ಕೊಂದು ಪುಟ್ಟ ಬ್ಯಾಟರಿ. ಬ್ಯಾಟರಿ ಸೋತರೆ ಕಾರ್ಡ್ ಚೀಟಿ ಪದ್ಧತಿಯನ್ನೇ ನಿಲ್ಲಿಸಿಬಿಡುತ್ತದೆ. ಪ್ರತಿ ಗಿರಾಕಿಯ ಲೆಕ್ಕ ಖಾತೆ ಪುಸ್ತಕಕ್ಕೆ ಏರಿದ ಮೇಲೆಯೇ ಮುಂದಿನವರು! ನಿನ್ನೆಯವರೆಗೆ ಚೆನ್ನಾಗಿದ್ದ ಸರ್ವರ್ ಇಂದು ಬೆಳಗಿನಿಂದ ತೆವಳುತ್ತಿದೆ, ಡಿಸ್ಕುಗಳೆಲ್ಲ ಆರೋಗ್ಯವಾಗಿವೆ ಎಂದರೆ ಮೊದಲು ಈ ಬ್ಯಾಟರಿಯನ್ನು ನೋಡಬೇಕು. ಇನ್ನೊಂದು ತಮಾಷೆ ಇದೆ. ಕೆಲವು ಕಾರ್ಡುಗಳು ಕೆಲವು ತಿಂಗಳಿಗೊಮ್ಮೆ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ಮತ್ತೆ ತುಂಬಿ ತಾವೇ ಪರೀಕ್ಷಿಸಿಕೊಳ್ಳುತ್ತವೆ. ಆ ಕೆಲವು ಗಂಟೆ ಸರ್ವರ್ ನಿಧಾನ, ಆಮೇಲೆ ತಾನಾಗಿಯೇ ಸರಿ. ಕಾರಣ ತಿಳಿಯದವರು ದೆವ್ವ ಹೊಕ್ಕಿದೆ ಎನ್ನುವುದೊಂದು ಬಾಕಿ.

ಒಂದೇ ನೊಗದ ಎತ್ತುಗಳಲ್ಲಿ ಒಂದು ಕುಂಟಿದರೆ ಗಾಡಿಯೇ ಕುಂಟುತ್ತದೆ. ನಾಲ್ಕು ಡಿಸ್ಕುಗಳ ಕಾಯುವ ಹೊತ್ತನ್ನು ಪಕ್ಕಪಕ್ಕ ಇಟ್ಟು ನೋಡಿ. ಮೂರು 12 ಮಿಲಿಸೆಕೆಂಡ್ ಎನ್ನುತ್ತಿದ್ದು ಒಂದು ಮಾತ್ರ 300 ಎನ್ನುತ್ತಿದ್ದರೆ ರೋಗಿ ಯಾರೆಂದು ಬೇರೆ ಹೇಳಬೇಕಿಲ್ಲ. ಮೇಲ್ಮೈಯ ಒಂದು ತಾಣ ದುರ್ಬಲವಾದಾಗ ಡಿಸ್ಕ್ ಸುಮ್ಮನೆ ಸೋಲೊಪ್ಪುವುದಿಲ್ಲ, ಮತ್ತೆ ಮತ್ತೆ ಓದಲು ಯತ್ನಿಸುತ್ತದೆ. ಪ್ರತಿ ಯತ್ನಕ್ಕೂ ಒಂದು ಸುತ್ತು ಕಾಯಬೇಕು. ಹೀಗೆ ಒಂದೇ ತಾಣದ ಮುಂದೆ ಹತ್ತಾರು ಸೆಕೆಂಡ್ ಕಳೆಯುವ ಡಿಸ್ಕುಗಳಿವೆ. ಓದಲಾಗದೆ ಬದಲಿ ಜಾಗಕ್ಕೆ ಕಳಿಸಿದ ತಾಣಗಳ ಲೆಕ್ಕವನ್ನು ಡಿಸ್ಕ್ ತನ್ನೊಳಗೇ ಬರೆದಿಟ್ಟುಕೊಂಡಿರುತ್ತದೆ. ‘ಸ್ಮಾರ್ಟ್’ ಎಂಬ ಈ ದಾಖಲೆಯನ್ನು ಓದಲು ಉಚಿತ ತಂತ್ರಾಂಶಗಳಿವೆ. ಗೂಗಲ್ ಸಂಸ್ಥೆ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷ ಕಾಣದ ಡಿಸ್ಕಿಗಿಂತ 39 ಪಟ್ಟು ಹೆಚ್ಚು ಎಂದು ಕಂಡುಬಂತು. ಹಾಗೆಂದು ದಾಖಲೆ ಶುದ್ಧವಾಗಿದೆ ಎಂದರೆ ನಿಶ್ಚಿಂತೆ ಎಂದಲ್ಲ. ಅದೇ ಅಧ್ಯಯನದಲ್ಲಿ, ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಮುಖ್ಯವಾದ ನಾಲ್ಕು ಮುನ್ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ.

ಮನೆಯಲ್ಲಿ ಮದುವೆಯ, ಮಕ್ಕಳ ಬಾಲ್ಯದ ಫೋಟೊಗಳನ್ನು ಒಂದೇ ಡಿಸ್ಕಿನಲ್ಲಿ ಇಟ್ಟಿರುವ ತಂದೆತಾಯಿಯರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಡಿಸ್ಕ್ ಇದ್ದಕ್ಕಿದ್ದಂತೆ ನಿಧಾನವಾಗಿ, ಫೋಟೊ ತೆರೆಯುವಾಗ ನಿಂತು ನಿಂತು ಸಾಗುತ್ತಿದ್ದರೆ, ‘ರಿಪೇರಿ’ ಮಾಡುವ ತಂತ್ರಾಂಶ ಹಚ್ಚಿ ಇಡೀ ತಟ್ಟೆಯನ್ನು ಉಜ್ಜಿಸಬಾರದು. ಉಸಿರು ಬಿಗಿಹಿಡಿದಿರುವ ರೋಗಿಯನ್ನು ಓಡಿಸಿ ಪರೀಕ್ಷೆ ಮಾಡಿದಂತೆ ಅದು. ಮೊದಲು ಅಮೂಲ್ಯವಾದವನ್ನು ಇನ್ನೊಂದು ಕಡೆಗೆ ನಕಲು ಮಾಡಿಕೊಳ್ಳಬೇಕು, ಪರೀಕ್ಷೆ ಆಮೇಲೆ.

ಹಳೆಯ ಯಂತ್ರಗಳಲ್ಲಿ ಕಾಣುವ ಇನ್ನೊಂದು ದೋಷಕ್ಕೆ ಕಾರಣ ಬರೀ ಭಾಗಾಕಾರ. ಮೊದಲು ಡಿಸ್ಕಿನ ಒಂದು ಸೆಕ್ಟರ್ ಎಂದರೆ 512 ಬೈಟ್. 2010ರ ಆಸುಪಾಸಿನಿಂದ ತಯಾರಕರು ಅಂಥ ಎಂಟನ್ನು ಸೇರಿಸಿ 4,096 ಬೈಟಿನ ದೊಡ್ಡ ಸೆಕ್ಟರಿಗೆ ಬದಲಾದರು. ಆದರೆ ವಿಂಡೋಸ್ ಎಕ್ಸ್‌ಪಿಯಂಥ ಹಳೆಯ ವ್ಯವಸ್ಥೆಗಳು ಮಾಹಿತಿಯನ್ನು 63ನೇ ಸೆಕ್ಟರಿನಿಂದ ಆರಂಭಿಸುತ್ತಿದ್ದವು. 63ನ್ನು 8 ಭಾಗಿಸುವುದಿಲ್ಲ! ಹೀಗಾಗಿ ಪ್ರತಿ ಬರಹವೂ ಎರಡು ದೊಡ್ಡ ಸೆಕ್ಟರುಗಳ ಗಡಿಯ ಮೇಲೆ ಕಾಲು ಚಾಚಿ ಮಲಗುತ್ತಿತ್ತು. ಡಿಸ್ಕ್ ಎರಡನ್ನೂ ಓದಿ, ತಿದ್ದಿ, ಮತ್ತೆ ಬರೆಯಬೇಕು. ಹೊಸ ವ್ಯವಸ್ಥೆಗಳು 2,048ರಿಂದ ಆರಂಭಿಸುತ್ತವೆ. ಅದನ್ನು 8 ಸಲೀಸಾಗಿ ಭಾಗಿಸುತ್ತದೆ.

ಇವೆಲ್ಲಕ್ಕಿಂತ ವಿಚಿತ್ರವಾದದ್ದು ಹೆಂಚಿನ ಮಾಡಿನ ಕಥೆ. ತಟ್ಟೆಯ ಮೇಲಿನ ಪಥಗಳು ಎಷ್ಟು ಒತ್ತಾಗಿವೆಯೆಂದರೆ ಇಂದಿನ ಡಿಸ್ಕಿನ ಒಂದು ಅಂಗುಲ ಅಗಲದಲ್ಲಿ ನಾಲ್ಕು ಲಕ್ಷ ಪಥಗಳಿರಬಹುದು. ಒಂದು ತಲೆಗೂದಲಿನ ದಪ್ಪದಲ್ಲಿ ಸಾವಿರಕ್ಕೂ ಹೆಚ್ಚು! ಇನ್ನೂ ಹೆಚ್ಚು ತುರುಕಲು ಎಂಜಿನಿಯರುಗಳು ಒಂದು ಉಪಾಯ ಹೂಡಿದರು. ಓದುವ ಹೆಡ್ಡಿಗೆ ಕಿರಿದಾದ ಪಥ ಸಾಕು, ಬರೆಯುವ ಹೆಡ್ಡಿಗೆ ಮಾತ್ರ ಅಗಲ ಬೇಕು. ಹಾಗಾದರೆ ಒಂದು ಪಥದ ಅಂಚಿನ ಮೇಲೆ ಮುಂದಿನ ಪಥವನ್ನು ಹೊದಿಸುತ್ತಾ ಹೋದರೆ? ಮಂಗಳೂರು ಹೆಂಚಿನಂತೆ! ಓದಲು ತೊಂದರೆಯಿಲ್ಲ, ಜಾಗ ಉಳಿತಾಯ.

ಆದರೆ ಮಾಡು ಹತ್ತಿದವರನ್ನು ಕೇಳಿ. ಕೆಳಗಿನ ಸಾಲಿನ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲೆ ಕೂತ ಹೆಂಚುಗಳನ್ನು ಎತ್ತಲೇಬೇಕು. ಈ ಡಿಸ್ಕಿನಲ್ಲೂ ಅಷ್ಟೆ. ನಡುವಿನ ಒಂದು ಪಥ ತಿದ್ದಬೇಕಾದರೆ ಅದರ ನಂತರ ಹೊದಿಸಿದ ಪಥಗಳನ್ನೆಲ್ಲ ಓದಿಟ್ಟುಕೊಂಡು ಮತ್ತೆ ಬರೆಯಬೇಕು. ಇಡೀ ತಟ್ಟೆ ಎತ್ತಬೇಕಾಗದಿರಲೆಂದು ಹತ್ತಾರು ಮೆಗಾಬೈಟಿನ ಪಟ್ಟಿಗಳಾಗಿ ವಿಂಗಡಿಸಿರುತ್ತಾರೆ. ಜೊತೆಗೆ ಹೊದಿಕೆಯಿಲ್ಲದ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ಬಂದ ಬರಹವನ್ನು ಮೊದಲು ಅಲ್ಲಿ ರಾಶಿ ಹಾಕಿ, ಬಿಡುವಾದಾಗ ಹೆಂಚು ಹೊದಿಸುವ ಕೆಲಸ. ಹಾಗಾಗಿ ರೋಗಲಕ್ಷಣ ಬಹಳ ಸ್ಪಷ್ಟ: ನಕಲು ಮೊದಲು ಭರ್ಜರಿ ವೇಗದಲ್ಲಿ ಸಾಗುತ್ತದೆ, ಆ ಅಂಗಳ ತುಂಬುತ್ತಲೇ ಮುಗ್ಗರಿಸುತ್ತದೆ. ಒಂದೆರಡು ಗಂಟೆ ಬಿಟ್ಟು ನೋಡಿದರೆ ಮತ್ತೆ ವೇಗ. ಹತ್ತು ನಿಮಿಷದ ಪರೀಕ್ಷೆಯಲ್ಲಿ ಈ ಡಿಸ್ಕ್ ಮೊದಲ ದರ್ಜೆಯಲ್ಲೇ ಪಾಸಾಗುತ್ತದೆ!

2020ರಲ್ಲಿ ಇದು ದೊಡ್ಡ ರಗಳೆಯಾಯಿತು. ವೆಸ್ಟರ್ನ್ ಡಿಜಿಟಲ್ ಕಂಪನಿ, ಹಲವು ಡಿಸ್ಕುಗಳನ್ನು ಒಟ್ಟಿಗೆ ಕಟ್ಟುವ ಪೆಟ್ಟಿಗೆಗಳಿಗೆಂದೇ ಮಾರುತ್ತಿದ್ದ ‘ರೆಡ್’ ಸರಣಿಯ ಕೆಲವು ಡಿಸ್ಕುಗಳಲ್ಲಿ ಈ ಹೆಂಚಿನ ಪದ್ಧತಿಯನ್ನು ಬಳಸಿತ್ತು, ಆದರೆ ವಿವರಪತ್ರದಲ್ಲಿ ಹೇಳಿರಲಿಲ್ಲ. ಕೆಟ್ಟ ಡಿಸ್ಕಿನ ಜಾಗಕ್ಕೆ ಇದನ್ನು ಹಾಕಿದ ಬಳಕೆದಾರರು, ಮಾಹಿತಿ ಮರುತುಂಬುವ ಕೆಲಸ ಮುಗಿಯುವುದೇ ಇಲ್ಲವೆಂದು ದೂರಿದರು. ಅಮೆರಿಕದ ಒಂದು ತಾಂತ್ರಿಕ ಪತ್ರಿಕೆ ಪರೀಕ್ಷೆ ಮಾಡಿ ನೋಡಿದಾಗ, ಸಾದಾ ಡಿಸ್ಕುಗಳು 17 ಗಂಟೆಯೊಳಗೆ ಮುಗಿಸಿದ ಕೆಲಸಕ್ಕೆ ಹೆಂಚಿನ ಡಿಸ್ಕ್ ಸುಮಾರು 230 ಗಂಟೆ ತೆಗೆದುಕೊಂಡಿತು. ಒಂಬತ್ತು ದಿನಕ್ಕೂ ಮಿಕ್ಕಿ! ಆ ಒಂಬತ್ತು ದಿನದಲ್ಲಿ ಇನ್ನೊಂದು ಡಿಸ್ಕ್ ಕೆಟ್ಟರೆ? ರೈಡ್-5ರ ಲೆಕ್ಕದಲ್ಲಿ ಒಂದು ಅಂಕಿಯನ್ನು ಹುಡುಕಬಹುದು, ಎರಡನ್ನು ಆಗದು. ಕಂಪನಿ ಕೊನೆಗೆ ಯಾವ ಯಾವ ಡಿಸ್ಕುಗಳಲ್ಲಿ ಹೆಂಚಿನ ಪದ್ಧತಿ ಇದೆಯೆಂದು ಪಟ್ಟಿ ಹೊರಡಿಸಿ, ಹೊದಿಕೆಯಿಲ್ಲದವಕ್ಕೆ ‘ರೆಡ್ ಪ್ಲಸ್’ ಎಂದು ಬೇರೆ ಹೆಸರಿಟ್ಟಿತು. ಹೆಂಚಿನ ಪದ್ಧತಿಯೇ ಕೆಟ್ಟದ್ದು ಎನ್ನುವಂತಿಲ್ಲ. ಒಮ್ಮೆ ಬರೆದು ಇಟ್ಟುಬಿಡುವ ಮಾಹಿತಿಗೆ ಅದು ಅಗ್ಗ ಮತ್ತು ಯೋಗ್ಯ. ಹೇಳದೆ ಮಾರಿದ್ದೇ ತಪ್ಪು.

ಇನ್ನು ಶಬ್ದ. ಶಬ್ದಕ್ಕೂ ಡಿಸ್ಕಿಗೂ ಏನು ಸಂಬಂಧ? ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಎಂಜಿನಿಯರ್ ಬ್ರೆಂಡನ್ ಗ್ರೆಗ್ 2008ರ ಕೊನೆಯಲ್ಲಿ ಒಂದು ವಿಡಿಯೊದಲ್ಲಿ ಅದನ್ನು ತೋರಿಸಿಕೊಟ್ಟರು. ಸಾಲು ಡಿಸ್ಕುಗಳ ಪೆಟ್ಟಿಗೆಯ ಮುಂದೆ ಬಾಗಿ, ಬಾಯಿ ಹತ್ತಿರ ಹಿಡಿದು ಗಟ್ಟಿಯಾಗಿ ಕಿರುಚಿದರು. ಪಕ್ಕದ ಪರದೆಯಲ್ಲಿ ಡಿಸ್ಕುಗಳ ಕಾಯುವ ಹೊತ್ತಿನ ನಕ್ಷೆ ಓಡುತ್ತಿತ್ತು. ಕಿರುಚಿದ ಕ್ಷಣದಲ್ಲೇ ನಕ್ಷೆಯಲ್ಲಿ ಗೋಪುರ ಎದ್ದಿತು! ನಗೆ ತರಿಸುವ ವಿಡಿಯೊ, ಆದರೆ ಕಾರಣ ಗಂಭೀರ. ಶಬ್ದವೆಂದರೆ ಕಂಪನ. ಕೂದಲಿನ ಸಾವಿರದ ಒಂದು ಪಾಲಿನಷ್ಟು ಕಿರಿದಾದ ಪಥದ ಮೇಲೆ ನಿಂತ ಹೆಡ್ಡಿಗೆ ಆ ಕಂಪನವೇ ಭೂಕಂಪ. ಅದು ಪಥ ತಪ್ಪಿದರೆ ಬರೆಯುವುದನ್ನು ನಿಲ್ಲಿಸಿ, ಇನ್ನೊಂದು ಸುತ್ತು ಬರುವವರೆಗೆ ಕಾಯುತ್ತದೆ. 8.33 ಮಿಲಿಸೆಕೆಂಡ್ ಹೋಯಿತು. ಕಂಪನ ನಿಲ್ಲದಿದ್ದರೆ ಇನ್ನೊಂದು ಸುತ್ತು, ಮತ್ತೊಂದು. ಸಡಿಲ ತಿರುಪು, ನಡುಗುವ ಫ್ಯಾನು, ಅಲುಗಾಡುವ ಕಪಾಟು ಇಂಥವೂ ಕಿರುಚುವವರ ಸಾಲಿಗೇ ಸೇರುತ್ತವೆ. 2016ರ ಸೆಪ್ಟೆಂಬರ್ 10ರಂದು ರೊಮೇನಿಯಾದ ಬುಖಾರೆಸ್ಟ್ ನಗರದ ಐಎನ್‌ಜಿ ಬ್ಯಾಂಕಿನ ಕಂಪ್ಯೂಟರ್ ಕೇಂದ್ರದಲ್ಲಿ ಬೆಂಕಿ ನಂದಿಸುವ ಅನಿಲ ವ್ಯವಸ್ಥೆಯ ಪರೀಕ್ಷೆ ನಡೆಯಿತು. ಅನಿಲ ನುಗ್ಗಿದಾಗ ಎದ್ದ ಭಾರಿ ಶಬ್ದಕ್ಕೇ ಹಲವಾರು ಡಿಸ್ಕುಗಳು ಕೆಟ್ಟು, ಬ್ಯಾಂಕಿನ ಕಾರ್ಡು, ಎಟಿಎಂ ಸೇವೆಗಳು ಸುಮಾರು ಹತ್ತು ಗಂಟೆ ನಿಂತುಹೋದವು.

ಆಸಕ್ತಿಯಿರುವ ವಿದ್ಯಾರ್ಥಿಗಳು ಇವುಗಳಲ್ಲಿ ಒಂದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹೊರಗಿನಿಂದ ಜೋಡಿಸುವ ಒಂದು ಹಾರ್ಡ್ ಡಿಸ್ಕ್, ಒಂದು ಗಡಿಯಾರ, ಸಾವಿರಾರು ಪುಟ್ಟ ಫೈಲುಗಳಿರುವ ಒಂದು ಫೋಲ್ಡರ್ ಇದ್ದರೆ ಸಾಕು. ಫೋಲ್ಡರನ್ನು ಹಾಗೆಯೇ ಡಿಸ್ಕಿಗೆ ನಕಲು ಮಾಡಿ ಸಮಯ ಬರೆದುಕೊಳ್ಳಿ. ಆಮೇಲೆ ಅದೇ ಫೋಲ್ಡರನ್ನು ಕಂಪ್ಯೂಟರಿನಲ್ಲೇ ಒಂದು ಜಿಪ್ ಫೈಲಾಗಿ ಕಟ್ಟಿ, ಆ ಒಂದು ಫೈಲನ್ನು ನಕಲು ಮಾಡಿ. ಫೋಟೊಗಳು ಮೊದಲೇ ಕುಗ್ಗಿಸಿದವಾದ್ದರಿಂದ ಜಿಪ್ ಮಾಡಿದರೂ ಗಾತ್ರ ಹೆಚ್ಚು ಇಳಿಯುವುದಿಲ್ಲ. ಪುಟ್ಟ ಫೋಟೊಗಳನ್ನೇ ಆರಿಸಿಕೊಂಡರೆ ಹೋಲಿಕೆ ನ್ಯಾಯವಾಗಿರುತ್ತದೆ. ಪರದೆಯಲ್ಲಿ ‘ಮುಗಿಯಿತು’ ಎಂದು ಬಂದ ಕೂಡಲೇ ಗಡಿಯಾರ ನಿಲ್ಲಿಸಬೇಡಿ. ಕಂಪ್ಯೂಟರ್ ಇನ್ನೂ ಚೀಟಿಯಲ್ಲೇ ಗೀಚಿಟ್ಟುಕೊಂಡಿರಬಹುದು. ಡಿಸ್ಕನ್ನು ಸುರಕ್ಷಿತವಾಗಿ ಕಳಚುವ ಆಜ್ಞೆ ಕೊಟ್ಟು, ಕಳಚಬಹುದು ಎಂಬ ಉತ್ತರ ಬಂದಾಗ ಹೊತ್ತು ನೋಡಿ. ಕಾಲ ಉಳಿಯಿತೇ ಎಂದು ಹೇಳುವ ಮೊದಲು, ಜಿಪ್ ಕಟ್ಟಲು ಹಿಡಿದ ಹೊತ್ತನ್ನೂ ಕೂಡಿಸುವುದನ್ನು ಮರೆಯಬೇಡಿ.